ದೀಡ ಹೆಜ್ಜೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾಕಾನ ಬನಿಯನ್ನಿನ ಮೇಲಿದ್ದ ನಂಬರು ಹನ್ನೊಂದು ಎಂದು ನನ್ನ ನೆನಪು. ಅಣ್ಣ ಹದಿನಾಲ್ಕು ಎನ್ನುತ್ತಾನೆ. ಎತ್ತರ ಆರಡಿಯ ಮೇಲೆ ಒಂದು ಇಂಚು ಇದ್ದಿರಬೇಕು, ಆದರೆ ನಮ್ಮ ಮನೆಯ ಮಾತಿನಲ್ಲಿ ಅವನು ಪ್ರತಿ ದೀಪಾವಳಿಗೆ ಅರ್ಧ ಇಂಚು ಬೆಳೆಯುತ್ತಿದ್ದ. ಆ ಕಾಲದ ನನ್ನ ಡೈರಿಗಳಿವೆ. ಅವನ್ನೂ ಪೂರ್ತಿ ನಂಬಲಾರೆ. ಇಪ್ಪತ್ತರ ಹುಡುಗಿ ಸಿಟ್ಟಿನಲ್ಲಿ ಬರೆದದ್ದು ಅವು.

ಕಾಕಾ ಎಂದರೆ ಅಪ್ಪನ ತಮ್ಮ. ಎಪ್ಪತ್ತರ ದಶಕದಲ್ಲಿ, ಮುಂಬಯಿ ಹೊರಗಿನ ತುರ್ಭೆ ಕಡೆಯ ಒಂದು ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ ಆಡುತ್ತಿದ್ದ. ಆಟದಿಂದಲೇ ಸಿಕ್ಕ ನೌಕರಿ. ಸ್ಟೋರಿನಲ್ಲಿ ಮುಖ ತೋರಿಸಿ ಮಧ್ಯಾಹ್ನ ಮೂರಕ್ಕೆಲ್ಲ ಅಂಗಳದಲ್ಲಿರುತ್ತಿದ್ದ. ಬುಟ್ಟಿಯ ಪಕ್ಕದಲ್ಲಿ, ಗೆರೆಯ ಅಂಚಿಗೆ, ಬುಟ್ಟಿಗೆ ಬೆನ್ನು ಮಾಡಿ ನಿಲ್ಲುವ ಜಾಗವೊಂದಿದೆ. ಅದಕ್ಕೆ ಲೋ ಪೋಸ್ಟ್ ಎನ್ನುತ್ತಾರೆ. ಅದು ಕಾಕಾನ ಜಾಗ. ಸರಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದ ಅಪ್ಪನಿಗೆ ಪೋಸ್ಟ್ ಎಂದರೆ ಹುದ್ದೆ ಮಾತ್ರ.

"ನೌಕರಿನೂ ಲೋ ಪೋಸ್ಟು, ಆಟನೂ ಲೋ ಪೋಸ್ಟು. ಒಂದರೆ ಮ್ಯಾಲಿಂದು ಹಿಡಿಬಾರದೇನೋ?" ಎಂದು ತಮ್ಮನನ್ನು ಕೆಣಕುತ್ತಿದ್ದರು. ಅದೇ ಅಪ್ಪ ಲೋಕಲ್‌ನಲ್ಲಿ ಅಪರಿಚಿತರಿಗೆ, ಕೇಳದಿದ್ದರೂ, ತಾನು ಯಾರ ಅಣ್ಣ ಎಂದು ಹೇಳುತ್ತಿದ್ದರು.

ಕಾಕಾ ಹೆಸರಾಗಿದ್ದು ಒಂದು ತಿರುವಿನಿಂದ. ಚೆಂಡು ಕೈಗೆ ಬಂದ ಕೂಡಲೇ ಬಲ ಹೆಗಲನ್ನು ಚೂರು ಆ ಕಡೆ ವಾಲಿಸುವುದು. ಬೆನ್ನ ಹಿಂದಿನವನು ಅದನ್ನು ನಂಬಿ ಅತ್ತ ಸರಿದಾಗ ಎಡಗಾಲನ್ನು ಹಿಂದಕ್ಕೆ ಇಟ್ಟು ಗರ್ರನೆ ತಿರುಗುವುದು. ಬಲಗೈಯನ್ನು ತಲೆಯ ಮೇಲಿಂದ ಕೊಕ್ಕೆಯ ಹಾಗೆ ಬಾಗಿಸಿ ಚೆಂಡು ಹಾಕುವುದು. ಇಷ್ಟನ್ನು ಯಾರೂ ಮಾಡಬಹುದು. ಕಾಕಾನದರಲ್ಲಿ ನಡುವೆ ಇನ್ನೊಂದು ಸಣ್ಣ ಸರಿತವಿತ್ತು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಮಧ್ಯೆ ಊರಿದ ಬಲಗಾಲು ಗೇಣುದ್ದ ಜಾರುತ್ತಿತ್ತು. ಅದಕ್ಕೆ ಅವನೇ ಇಟ್ಟ ಹೆಸರು 'ದೀಡ', ಎಂದರೆ ಒಂದೂವರೆ. ಧಾರವಾಡ ಕಡೆಯ ನಮಗೂ ಮರಾಠಿಯವರಿಗೂ ಕೂಡಿ ಇರುವ ಶಬ್ದವಾದ್ದರಿಂದ ಕಲ್ಯಾಣದಿಂದ ಠಾಣೆಯ ತನಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಎದುರಿಗೆ ಕುಂದಾಪುರದ ಕಡೆಯವರೊಬ್ಬರ ಹೋಟೆಲಿತ್ತು. ಕಾಕಾ ಒಳಗೆ ಬಂದರೆ ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಏಳುತ್ತಿದ್ದರು. "ನೀವು ಒಮ್ಮೆ ತಿರುಗಿದ್ರೆ ಸಾಕು ಮಾರಾಯ್ರೆ, ಎದುರಿನವ ದಿಕ್ಕು ತಪ್ಪಿ ಸೀದಾ ಬಸ್ ಸ್ಟ್ಯಾಂಡಿಗೆ ಹೋಗ್ತಾನೆ!" ಕಾಕಾ ಬೇಡ ಬೇಡ ಎನ್ನುತ್ತಲೇ ಎದ್ದು, ಮೇಜುಗಳ ನಡುವೆ, ಸಾಂಬಾರಿನ ಬಕೀಟು ಹಿಡಿದ ಮಾಣಿಯನ್ನೇ ಎದುರಾಳಿ ಮಾಡಿಕೊಂಡು ದೀಡ ತೋರಿಸುತ್ತಿದ್ದ. ಎಲ್ಲರೂ ಇಡ್ಲಿ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ನಾನು ಐದಡಿ ಎಂಟು ಇಂಚು. ನಮ್ಮ ಮನೆತನದಲ್ಲಿ ಹೆಣ್ಣಿಗೆ ಅದೊಂದು ಕಾಯಿಲೆ. ಕಾಲೇಜಿನ ತಂಡದಲ್ಲಿ ಮಾತ್ರ ಅದಕ್ಕೆ ಬೆಲೆಯಿತ್ತು. ನನ್ನನ್ನು ಸೆಂಟರ್ ಮಾಡಿದರು. ಬಿ.ಎ. ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಇತ್ತು. ಅಪ್ಪ ಅಂದು ತುಂಬ ಉದಾರಿಯಾಗಿದ್ದರು. "ಟೀಮಿಗೆ ಬಂದ್ಯಂದ್ರ ಎಂ.ಎ. ಮಾಡು. ಇಲ್ಲಂದ್ರ ಕನ್ಯಾ ನೋಡ್ಲಿಕ್ಕೆ ಬರೋವರಿಗೆ ಪತ್ರ ಬರೀತೀನಿ" ಎಂದರು. ಎರಡು ವರ್ಷದ ಓದು ಒಂದು ಮಧ್ಯಾಹ್ನದ ಆಟದ ಮೇಲೆ ನಿಂತಿತು. ಇದನ್ನು ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ. ನಾನೂ ಅಂದುಕೊಳ್ಳಲಿಲ್ಲ, ದೀಡ ಕಲಿಸು ಎಂದು ಕಾಕಾನ ಕಾಲಿಗೆ ಬಿದ್ದೆ.

ಭಾನುವಾರ ಬೆಳಿಗ್ಗೆ ಕಲ್ಯಾಣದ ಒಂದು ಸಿಮೆಂಟಿನ ಅಂಗಳದಲ್ಲಿ ಕಲಿಸಿದ. ಕಲಿಸುವುದು ಅವನಿಗೆ ಬರುತ್ತಿತ್ತು, ಅಷ್ಟನ್ನು ಒಪ್ಪಬೇಕು. "ಹೆಗಲು ಬಲಕ್ಕ ಸುಳ್ಳು ಹೇಳಬೇಕು, ಕಾಲು ಎಡಕ್ಕ ಖರೆ ಹೇಳಬೇಕು. ಹೂಂ, ಒಂದ… ದೀಡ… ಎರಡ!"

ಕಾಲೇಜಿನ ಆಟದ ವಿಭಾಗವಾದ ಜಿಮಖಾನಾದಲ್ಲಿ ನಿಯಮದ ಪುಸ್ತಕವಿತ್ತು, ನಾನು ಓದಿದ್ದೆ. ಊರಿದ ಕಾಲು ಎತ್ತಬಹುದು, ಚೆಂಡು ಕೈಬಿಡುವ ಮೊದಲು ಮತ್ತೆ ನೆಲಕ್ಕೆ ಮುಟ್ಟಿಸುವಂತಿಲ್ಲ. ಎಳೆಯುವುದಂತೂ ಇಲ್ಲವೇ ಇಲ್ಲ. ಎಳೆದರೆ ಸೀಟಿ, ಚೆಂಡು ಎದುರಿನವರಿಗೆ. ಆಟಗಾರರ ಭಾಷೆಯಲ್ಲಿ ಅದು 'ಸ್ಟೆಪ್ಸ್'.

"ಕಾಕಾ, ಊರಿದ ಕಾಲು ಸರದ್ರ ನಡೀತದೇನು?"

"ನೀ ದೀಡ ಶಾಣ್ಯಾಕಿ ಆಗಬ್ಯಾಡ" ಎಂದ. ನಮ್ಮಲ್ಲಿ ಅತಿ ಜಾಣರಿಗೆ ಬೈಯುವ ಮಾತೂ ಅದೇ ದೀಡ. "ನಂದು ಹತ್ತು ವರ್ಷ ನಡದದ."

ಓದಿದ ಪುಸ್ತಕವನ್ನು ಬಿಟ್ಟು ಆ ಹತ್ತು ವರ್ಷವನ್ನು ನಂಬಿದೆ. ಪದವಿಯ ಕೊನೆಯ ವರ್ಷದಲ್ಲಿದ್ದವಳ ಬುದ್ಧಿ ಅಷ್ಟು.

ಆಯ್ಕೆ ನಡೆದದ್ದು ಠಾಣೆಯಲ್ಲಿ. ಮೊದಲ ಸಲ ಚೆಂಡು ಬಂದಾಗ ಹೆಗಲು ಚೆನ್ನಾಗಿಯೇ ಸುಳ್ಳು ಹೇಳಿತು, ಹಿಂದಿದ್ದ ಹುಡುಗಿ ನಂಬಿದಳು, ನಾನು ತಿರುಗಿದೆ. ಸೀಟಿ. ಎರಡನೆಯ ಸಲ ಮತ್ತೆ ಸೀಟಿ. ಮೂರನೆಯ ಸಲ ದೀಡ ಬಿಟ್ಟೇ ಆಡಬೇಕೆಂದು ನಿರ್ಧರಿಸಿದ್ದೆ, ಆದರೆ ಕಾಲಿಗೆ ಬೇರೆ ದಾರಿ ಗೊತ್ತಿರಲಿಲ್ಲ, ತಾನಾಗಿ ಜಾರಿತು. ರೆಫ್ರಿ ಸೀಟಿ ಬಾಯಿಂದ ತೆಗೆದು, "ಬಾಯೀ, ಹೇ ಬಾಸ್ಕೆಟ್‌ಬಾಲ್ ಆಹೆ, ಲೇಜೀಮ್ ನಾಹೀ" ಎಂದರು. ಇದು ಆಟ, ಗಣಪತಿ ಮೆರವಣಿಗೆಯ ಕುಣಿತವಲ್ಲ ಎಂದು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನನ್ನನ್ನು ಕೂರಿಸಿದರು. ಸಂಜೆ ಓದಿದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಮನೆಯಲ್ಲಿ ಕಾಕಾ ಚಹಾ ಕುಡಿಯುತ್ತ ಕೂತಿದ್ದ. "ನೀ ದೀಡ ಸಾವಕಾಶ ಮಾಡಿರಬೇಕು. ಜಲ್ದಿ ಮಾಡಿದ್ರ ಕಾಣೂದಿಲ್ಲ" ಎಂದ. ಅವ್ವ ಬಟ್ಟಲು ಎತ್ತುತ್ತ, "ಹೋಗ್ಲಿ ಬಿಡ, ಸೀರಿ ಉಟ್ರ ಹೆಜ್ಜಿ ತಾನ ಸಣ್ಣ ಆಗತಾವ" ಎಂದಳು. ಅಪ್ಪ ಪತ್ರದ ಕಾಗದ ಹುಡುಕುತ್ತಿದ್ದರು.

ಮುಂದಿನ ತಿಂಗಳು ಕಲ್ಯಾಣದಲ್ಲಿ ಕಾಕಾನ ಪಂದ್ಯವಿತ್ತು. ಹೋಗಿ, ಚಪ್ಪಾಳೆ ತಟ್ಟದೆ, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಕೂತೆ. ಮೊದಲರ್ಧದಲ್ಲಿ ಒಂಬತ್ತು ದೀಡ. ಒಂದಕ್ಕೂ ಸೀಟಿಯಿಲ್ಲ. ಎದುರು ತಂಡದ ಸೆಂಟರ್ ಒಮ್ಮೆ ಅದನ್ನೇ ಅನುಕರಿಸಿದ. ಕಾಲು ನೆಲ ಬಿಡುವ ಮೊದಲೇ ಸೀಟಿ ಬಿತ್ತು. ನನ್ನ ಪಕ್ಕದಲ್ಲಿದ್ದ ಕಾರ್ಖಾನೆಯವರೊಬ್ಬರು, "ಅವನದು ಸ್ಟೆಪ್ಸ್, ಇವರದು ಕಲಾ" ಎಂದರು. ಆ ದಿನದ ರೆಫ್ರಿಯೇ ಠಾಣೆಯಲ್ಲಿ ನನಗೆ ಊದಿದವರು ಎಂದು ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಡೈರಿ ತೆಗೆದು ನೋಡಿದರೆ ಹಾಗೇನೂ ಬರೆದಿಲ್ಲ. ಗೀಟುಗಳು ಮಾತ್ರ ಇವೆ, ಒಂಬತ್ತು. ರೆಫ್ರಿಯ ಮುಖವನ್ನು ನಾನೇ ಆಮೇಲೆ ಅಂಟಿಸಿರಬಹುದು.

ಆ ವರ್ಷವೇ ಮದುವೆಯಾಯಿತು. ಎಂ.ಎ.ಯನ್ನು ಎಂಟು ವರ್ಷದ ನಂತರ, ಅಂಚೆಯಲ್ಲಿ ಪಾಠ ತರಿಸಿಕೊಂಡು, ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಮುಗಿಸಿದೆ.

ಎಂಬತ್ತರ ದಶಕದ ಕೊನೆಗೆ ಕಾಕಾ ನೆರೂಳದಲ್ಲಿ ಎರಡು ಕೋಣೆಯ ಫ್ಲ್ಯಾಟು ಮಾಡಿಕೊಂಡಿದ್ದ. ಅಲ್ಲಿಯ ಕನ್ನಡದವರು ಒಂದು ಶಾಲೆಯ ಹಾಲಿನಲ್ಲಿ ಅವನಿಗೆ ಸತ್ಕಾರ ಇಟ್ಟರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಜನ್ಮದಲ್ಲಿ ಒಂದು ಪಂದ್ಯ ನೋಡಿರದ ಅಧ್ಯಕ್ಷರು ದೀಡವನ್ನು ಕನ್ನಡಿಗರು ಈ ನೆಲಕ್ಕೆ ಕೊಟ್ಟ ಕೊಡುಗೆ ಎಂದರು. "ಒಮ್ಮೆ ತೋರಸ್ರೀ, ತೋರಸ್ರೀ" ಎಂದು ಸಭೆ ಕೂಗಿತು. ಬುಟ್ಟಿಯಲ್ಲಿದ್ದ ತೆಂಗಿನಕಾಯಿ ಹಿಡಿದು, ಶಾಲು ಹೊದ್ದೇ, ಐವತ್ತು ದಾಟಿದ ಕಾಕಾ ವೇದಿಕೆಯ ಮೇಲೆ ತಿರುಗಿದ. ಈಗ ಅವನ ಕಾಲು ಗೇಣಲ್ಲ, ಮೊಳದುದ್ದ ಎಳೆಯುತ್ತಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ.

ಮನೆಗೆ ನಾವಿಬ್ಬರೇ ನಡೆದು ಬಂದೆವು. ಹಣ್ಣಿನ ಬುಟ್ಟಿ ನನ್ನ ಕೈಯಲ್ಲಿತ್ತು. ದಾರಿಯಲ್ಲಿ ಅವನು, "ಇಂಥಾ ಮಂದಿ ಮುಂದ ನೀನೂ ಒಮ್ಮೆ ಮಾಡಿ ತೋರಸಬೇಕಾಗಿತ್ತು ನೋಡು, ನನ್ನ ಶಿಷ್ಯಾ ಅಂತ" ಎಂದ. ಆಗ ಕೇಳಿಬಿಟ್ಟೆ. ಅವನು ಶಾಲು ಸರಿಮಾಡಿಕೊಂಡು ಬೇಗ ಬೇಗ ನಡೆದ. ನಾನು ಕೇಳಿದ್ದು ಇಷ್ಟೇ:

"ಕಾಕಾ, ನಿನಗ ಊದೂದಿಲ್ಲ, ನನಗ ಊದತಾರ ಅಂತ ಕಲಸೂ ಮುಂದ ನಿನಗ ಗೊತ್ತಿತ್ತೇನು?"