ಹೆಸರು ಹೇಳದ ಅಪಾ, ಬೀಗಕ್ಕೆ ಅಂಟಿದ ಕೈ

ಬುರ್ಮಾಕನ್ ಅಪಾ ಹೇಳುವ ಕತೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ. ಅವರು ನನ್ನ ಗಂಡನ ಚಿಕ್ಕಮ್ಮ, ಅಂದರೆ ನಮ್ಮ ಮಾವನ ತಮ್ಮನ ಹೆಂಡತಿ; ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಸರೋವರದ ದಂಡೆಯ ಶಿಶುವಿಹಾರಕ್ಕೆ ಹೋಗಿ ಮಕ್ಕಳಿಗೆ ಕತೆ ಹೇಳುತ್ತಾರೆ. ಅದಕ್ಕೂ ಮೊದಲು ಸರ್ಕಾರಿ ಡೈರಿಯಲ್ಲಿ ಹಾಲು ಕರೆಯುತ್ತಿದ್ದರು. ದೂರದ ಗುಡ್ಡದಿಂದ ಹಸುಗಳನ್ನು ಕೂಗಿ ಕರೆದ ಆ ಗಂಟಲು ಇನ್ನೂ ಹಾಗೇ ಇದೆ. ಕತೆಯಲ್ಲಿ ತೋಳ ಬಂದು ಅಪಾ ಊಳಿಟ್ಟರೆ ರಸ್ತೆಯಾಚೆ ಮೇಯುವ ಕುರಿಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ.

ಅವರ ಕಾಲದ ರೂಢಿಯಂತೆ ಗಂಡನ ಕಡೆಯ ದೊಡ್ಡವರ್ಯಾರ ಹೆಸರನ್ನೂ ಸೊಸೆಯಾದವಳು ಬಾಯಲ್ಲಿ ಆಡುವಂತಿಲ್ಲ. ನಮ್ಮೂರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಪಾಗೆ ಗಂಡನ ಕಡೆಯವರೇ. ಹಾಗಾಗಿ ಅವರು ಹೆಸರುಗಳ ಗೊಡವೆಯನ್ನೇ ಬಿಟ್ಟುಬಿಟ್ಟಿದ್ದಾರೆ. ಚಹಾ ಕುಡಿದರೆ ಸೀನುವವನು, ಕುಂಟು ಕುದುರೆಯ ಯಜಮಾನ, ಮದುವೆಮನೆಗಳಿಂದ ಚಮಚ ತರುವವಳು, ಇವರೇ ಅವರ ಕತೆಯ ರಾಜ ರಾಣಿಯರು. ಸುಳ್ಳು ಹೇಳಬಾರದು, ಕದಿಯಬಾರದು, ಹಂಚಿ ತಿನ್ನಬೇಕು ಎಂದು ಕಲಿಸುವಾಗಲೂ ಇಂಥವರನ್ನೇ ಮುಂದೆ ತಂದು ನಿಲ್ಲಿಸುತ್ತಾರೆ. ಹೆಸರು ಹೇಳಿದ್ದರೆ ಅದೇ ಹೆಸರಿನ ಇನ್ಯಾರೋ ಇರಬೇಕು ಎಂದುಕೊಳ್ಳಬಹುದಿತ್ತು. ಹೀಗೆ ಹೇಳಿದರೆ ತೊಟ್ಟಿಲ ಕೂಸಿಗೂ ತಿಳಿಯುತ್ತದೆ.

ಈ ಬೇಸಿಗೆಯಲ್ಲಿ ಕೆಂಪು ಬೀಗದವನ ಕತೆ ಬಂತು. ಏಪ್ರಿಕಾಟ್ ತೋಟಕ್ಕೆ ಬೀಗ ಜಡಿದು, ಉದುರಿದ ಹಣ್ಣನ್ನೂ ಯಾರಿಗೂ ಕೊಡದ ಜಿಪುಣ ಅವನು. ಒಂದು ದಿನ ಅವನ ಕೈ ಬೀಗಕ್ಕೆ ಅಂಟಿಕೊಂಡಿತು, ಬಿಡಲೇ ಇಲ್ಲ. ಊರಲ್ಲಿ ಕೆಂಪು ಬಣ್ಣ ಬಳಿದ ಬೀಗ ಒಂದೇ ಒಂದು ಇದೆ, ನಮ್ಮ ಮಾವನ ತೋಟದ ಗೇಟಿನಲ್ಲಿ.

ಇದನ್ನು ಕೇಳಿ ನನ್ನ ಮಗಳು ತುಮಾರ್ ಆಟದ ಸಾಮಾನನ್ನು ಹಂಚಿಕೊಳ್ಳಲು ಕಲಿಯುತ್ತಾಳೆ ಎಂದು ನಾನು ಆಸೆಪಟ್ಟಿದ್ದೆ. ಅವಳು ಅಡುಗೆಮನೆಯಿಂದ ಕುರಿಬಾಲದ ಕೊಬ್ಬಿನ ಬಟ್ಟಲನ್ನೇ ಎತ್ತಿಕೊಂಡು, ಶಿಶುವಿಹಾರದ ಮಕ್ಕಳನ್ನೆಲ್ಲ ಕಟ್ಟಿಕೊಂಡು ತೋಟಕ್ಕೆ ಓಡಿದಳು. ಮಾವ ಗೇಟು ತೆಗೆಯಲೆಂದು ಆಗತಾನೇ ಬೀಗಕ್ಕೆ ಕೈ ಹಾಕಿದ್ದರು.

"ಅಯ್ಯೋ, ಅಂಟ್ಕೊಂಡೇಬಿಟ್ಟಿದೆ!"

"ಅಂಟಿಲ್ಲ ಕಣ್ರೋ! ನಾನೇ ಹಿಡ್ಕೊಂಡಿದೀನಿ!"

"ಕತೇಲೂ ಅವ್ನು ಮೊದ್ಲು ಹಾಗೇ ಅಂದ, ತಾತ. ನಾಚ್ಕೋಬೇಡ," ಎಂದು ಸಮಾಧಾನ ಮಾಡುತ್ತಾ ತುಮಾರ್ ಕೈ ಜಾರಿ ಬಿಡಲೆಂದು ಅವರ ಮೊಣಕೈವರೆಗೂ ಕೊಬ್ಬು ಬಳಿದಳು.

ಅದು ದಿನಾ ನಡೆಯತೊಡಗಿತು. ಮಸೀದಿಗೆ ಹೋದರೂ ಅಂಗಡಿಗೆ ಹೋದರೂ ಮಾವನ ಹಿಂದೆ ಕೊಬ್ಬಿನ ವಾಸನೆ ಹಿಡಿದ ನಾಯಿಗಳ ಮೆರವಣಿಗೆ. ಅವರ ಅಂಗಿಗಳನ್ನು ಒಗೆದು ಒಗೆದು ನನ್ನ ಸೋಪು ಮುಗಿಯಿತು. ಕೊನೆಗೆ ಮಾವ ಬಿಳಿಗಡ್ಡದವರ ಪಂಚಾಯಿತಿಗೆ ದೂರು ಕೊಟ್ಟರು: ಈ ಹೆಂಗಸು ನನ್ನ ಮಾನ ಕಳೆದಿದ್ದಾಳೆ, ಕತೆ ಹೇಳುವುದನ್ನು ನಿಲ್ಲಿಸಿ.

ನಿನ್ನೆ ಅಪಾ ನಮ್ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಾ ಹೇಳಿದರು. "ಆ ಒಂದು ಹೊತ್ತೂ ಹೋದ್ರೆ ನಂಗೆ ಬೆಳಗಾಗೋದಾದ್ರೂ ಯಾಕೆ ಮಗಳೇ? ಹಸುಗಳೂ ಇಲ್ಲ, ಅವರೂ ಇಲ್ಲ."

ಇವತ್ತು ಬಸ್‌ಸ್ಟಾಪಿನ ಎದುರು, ಪಾಪ್ಲರ್ ಮರದಡಿ ಪಂಚಾಯಿತಿ ಸೇರಿತು. ಮೂವರು ಹಿರಿಯರು, ಮೂರು ಬಿಳಿ ಟೋಪಿ. ಮಕ್ಕಳೆಲ್ಲ ಗೋಡೆಯ ಮೇಲೆ.

"ಇದ್ರಲ್ಲೇನಿದೆ ನೋಡಮ್ಮಾ," ಎಂದರು ಎಲ್ಲರಿಗಿಂತ ಹಿರಿಯರಾದ ತಾಬಾಲ್ದಿ ಅಜ್ಜ. "ಕತೇಲಿರೋನು ಇಂಥವನಲ್ಲ ಅಂತ ಹೆಸರು ಹಿಡಿದು ಹೇಳಿಬಿಡು. ಕೇಸು ಖಲಾಸ್. ನಾಳೆಯಿಂದ ನಿನ್ನ ಕತೆ ನೀನು ಹೇಳ್ಕೋ."

"ಹೆಸರಾ?" ಅಪಾ ತಲೆವಸ್ತ್ರವನ್ನು ಬಿಗಿದುಕೊಂಡರು. "ಭಾವನ ಹೆಸರಾ? ನನ್ನ ಬಾಯಿಂದಾ?"

ಮೂವರೂ ಗಡ್ಡ ನೀವಿಕೊಂಡರು. ಅದೂ ನ್ಯಾಯವೇ.

"ಬೆರಳು ತೋರ್ಸಿ ಇವರಲ್ಲ ಅನ್ನು," ಎಂದರು ಎರಡನೆಯವರು.

"ಹಿರಿಯರಿಗೆ ಬೆರಳು ತೋರಿಸೋದಾ? ಬುದ್ಧಿ ಇದೆಯೇನಯ್ಯಾ ನಿಂಗೆ?" ಎಂದು ಮೂರನೆಯವರು ಅವರನ್ನೇ ಗದರಿಸಿದರು. ಆಮೇಲೆ ತಾವೊಂದು ದಾರಿ ಹುಡುಕಿದರು. "ಊರಿನ ಬಾಕಿ ಗಂಡಸರ ಹೆಸರೆಲ್ಲ ಹೇಳ್ಲಿ. ಯಾರ ಹೆಸರು ಬಿಟ್ಟುಹೋಗುತ್ತೋ ಅವನು ಕತೇಲಿಲ್ಲ ಅಂತ ಇಟ್ಕೊಳ್ಳೋಣ."

ಅಪಾ ಬಸ್ ಡ್ರೈವರನ ಹೆಸರು ಹೇಳಿದರು, ದನದ ಡಾಕ್ಟರ ಹೆಸರು ಹೇಳಿದರು. ಅಲ್ಲಿಗೆ ನಿಂತರು. ಹೊರಗಿನಿಂದ ಬಂದವರು ಅವರಿಬ್ಬರೇ. ತನ್ನ ಹೆಸರು ಕೇಳಿಸಿಕೊಂಡ ಡ್ರೈವರ್ ಪ್ರಯಾಣಿಕರನ್ನು ಹಾಗೇ ಬಿಟ್ಟು ಇಳಿದು ಬಂದ. "ನಾನು ಯಾವ ಬೀಗಾನೂ ಮುಟ್ಟಿಲ್ಲ ಸ್ವಾಮಿ! ನಂಗೆ ತೋಟಾನೇ ಇಲ್ಲ!"

ಅವನನ್ನು ನಂಬಿಸಿ ವಾಪಸು ಹತ್ತಿಸುವಷ್ಟರಲ್ಲಿ ತಾಬಾಲ್ದಿ ಅಜ್ಜನಿಗೆ ಸಾಕಾಗಿತ್ತು. "ಹೇಳ್ತೀಯೋ, ಕತೆ ನಿಲ್ಲಿಸ್ತೀಯೋ? ಎರಡ್ರಲ್ಲಿ ಒಂದು ಆಗ್ಲಿ ತಾಯಿ."

ಅಪಾ ಗೋಡೆಯ ಮೇಲಿನ ಮಕ್ಕಳತ್ತ ನೋಡಿದರು. ಕಾಲಾಡಿಸುವುದನ್ನು ಅವರೂ ನಿಲ್ಲಿಸಿದ್ದರು. ಅಪಾ ಕಣ್ಣು ಮುಚ್ಚಿ ಬಾಯಿ ತೆರೆದರು.

"ಬೇಡ!" ಮಾವ ಚಂಗನೆ ಎದ್ದರು. "ಹೇಳ್ಬೇಡ! ಮದ್ವೆಯಾಗಿ ಬಂದಾಗಿಂದ ಆಡದ ಹೆಸರನ್ನ ಬಸ್‌ಸ್ಟಾಪ್ ಮುಂದೆ ಆಡ್ತೀಯಾ? ತಮ್ಮನ ಹೆಂಡ್ತಿ ಹೆಸರಿಟ್ಟು ಕೂಗಿದ್ಲು ಅಂದ್ರೆ ನಾಳೆ ನಾನು ಹೇಗೆ ತಲೆ ಎತ್ಕೊಂಡು ಓಡಾಡ್ಲಿ?"

"ಮತ್ತೆ ನಿನ್ನ ದೂರು?" ಎಂದರು ತಾಬಾಲ್ದಿ ಅಜ್ಜ.

"ಕತೇಲಿರೋನು ನಾನೇ! ಕೆಂಪು ಬೀಗದವನು ನಾನೇ, ಜಿಪುಣ ನಾನೇ! ಆಯ್ತಾ?"

ಅಜ್ಜಂದಿರು ತಲೆ ಸೇರಿಸಿ ಪಿಸುಗುಟ್ಟಿದರು. "ಹಾಗಾದ್ರೆ ಅವಳು ಹೇಳಿದ್ದು ಸುಳ್ಳಲ್ಲ. ಸುಳ್ಳಲ್ಲ ಅಂದ್ಮೇಲೆ ತಪ್ಪೇನು? ಕತೆ ನಡೀಲಿ." ಗೋಡೆಯ ಮೇಲಿಂದ ಕೇಳಿಬಂದ ಕೂಗಿಗೆ ಬಸ್ಸೂ ಹಾರನ್ ಹೊಡೆಯಿತು.

ಮನೆಗೆ ಬರುವಾಗ ಮಾವ ಮುಂದೆ, ಅಪಾ ಅವರಿಗಿಂತ ಒಂದಿಷ್ಟು ಹಿಂದೆ, ತುಮಾರಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು.

"ಮುಂದಿನ ಕತೇಲಿ ನಂಗೊಂದು ಕುದುರೆನಾದ್ರೂ ಕೊಡು," ಎಂದರು ಮಾವ, ತಿರುಗಿ ನೋಡದೆ.

"ಕೊಡ್ತೀನಿ ಭಾವ. ದಾರೀಲಿ ಮಕ್ಕಳು ಸಿಕ್ಕಿದ್ರೆ ಹತ್ತಿಸ್ಕೋತೀರಾ?"

ಮಾವ ತೋಟದ ಬೇಲಿ ಮುಗಿಯುವವರೆಗೂ ಯೋಚಿಸುತ್ತಾ ನಡೆದರು.

"ಎಷ್ಟು ಮಕ್ಕಳು?"