ಕೆರಿಯಮ್ಮನ ನೀರಿನ ಚೊಂಬು

ಮಲೆನಾಡಿನ ನಗರ ಎಂಬ ಊರಿನ ಪೇಟೆಯಲ್ಲಿ ಆಷಾಢದ ಮಳೆ ಹಿಡಿದರೆ ಎದುರಿಗೆ ಬಂದವರ ಮುಖ ಕಾಣುವುದಿಲ್ಲ. ಅಂಥ ಮಳೆಯಲ್ಲೂ ಕೆರಿಯಮ್ಮ ಕಂಬಳಿಕೊಪ್ಪೆಯೊಳಗೆ ತುಂಬಿದ ಚೊಂಬು ಹಿಡಿದೇ ಬಸ್ಸು ಹತ್ತುತ್ತಿದ್ದಳು. ಬಸ್ಸಿನವರು ಗೇಲಿ ಮಾಡದ ದಿನವಿಲ್ಲ. ಮಾಡಲಿ ಬಿಡಿ, ಅವರ ಹೆಣ್ಣುಮಕ್ಕಳು ಯಾರೂ ಗುಡ್ಡದ ಆಚೆ ಇರಲಿಲ್ಲ.

ಕೆರಿಯಮ್ಮನ ಒಬ್ಬಳೇ ಮಗಳು ಲಕ್ಷ್ಮೀಯನ್ನು ಗುಡ್ಡದ ಆಚೆ ಬಯಲುಸೀಮೆಯ ಹರಪನಹಳ್ಳಿ ಕಡೆಯ ಹುಡುಗನಿಗೆ ಕೊಟ್ಟಿತ್ತು. ನಗರದ ಕಡೆ ಡ್ಯಾಮಿನ ಕೆಲಸಕ್ಕೆ ಬಂದಿದ್ದವನು, ಒಳ್ಳೆಯವನೇ. ಎಂಬತ್ತೆರಡರ ಮಳೆಗಾಲದಲ್ಲಿ ಬಸುರಿ ಮಗಳನ್ನು ಹೆರಿಗೆಗೆ ಕರೆತರಲು ಕೆರಿಯಮ್ಮ ಮೊದಲ ಸಲ ಅಲ್ಲಿಗೆ ಹೋದಳು. ಹೊರಡುವಾಗ ಬೀಗಿತ್ತಿ ಹುಲಿಗೆಮ್ಮ ಚೊಂಬಿನ ತುಂಬ ನೀರು ಕೊಟ್ಟು ಒಳಗೆ ಹೋದಳು.

"ಮಳೆಗಾಲ್ದಾಗೆ ನೀರು ಹೊತ್ಕಂಡು ಹೋಗೋದಾ? ಕಂಡೋರು ನಗ್ತಾರೆ," ಎಂದು ಕೆರಿಯಮ್ಮ ಅದನ್ನು ಕಟ್ಟೆಯ ಮೇಲೇ ಬಿಟ್ಟಳು. ಕಂಬಳಿಕೊಪ್ಪೆಯನ್ನು ಮಾತ್ರ ಮರೆಯಲಿಲ್ಲ. ಹುಟ್ಟಿದಾಗಿನಿಂದ ದಾರಿಯ ತಿರುವಿಗೊಂದು ಹಳ್ಳ ಕಂಡ ಹೆಂಗಸು. ಪಡುವಲಲ್ಲಿ ಮೋಡ ಬೇರೆ ಕಪ್ಪಗೆ ಕಟ್ಟಿತ್ತು.

ಗಾಡಿ ಸಿಗಲಿಲ್ಲ, ಬಸ್ಸಿನ ರಸ್ತೆ ದೂರ; ತಾಯಿ ಮಗಳು ನಡೆದೇ ಹೊರಟರು. ಗಾಳಿ ಬೀಸಿತು, ಧೂಳೆದ್ದಿತು, ಮೋಡ ತಲೆಯ ಮೇಲಿಂದ ಹಾದುಹೋಯಿತು. ಒಂದು ಹನಿ ಬೀಳಲಿಲ್ಲ. ಹಳ್ಳವೆಂದು ಇಳಿದಲ್ಲಿ ಬರೀ ಮರಳು. ಜಾಲಿಮರದ ಬುಡದಲ್ಲಿ ಲಕ್ಷ್ಮೀ ಕುಸಿದಳು. "ಅವ್ವಾ, ನೀರು," ಎಂದವಳು ಕಣ್ಣು ಮುಚ್ಚಿದಳು. ಕೆರಿಯಮ್ಮನಿಗೆ ಬಿಟ್ಟು ಓಡಲು ಭಯ, ಕೂತಿರಲೂ ಭಯ. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು, ಕೂಸು ಮಿಸುಕುತ್ತಿರಲಿಲ್ಲ. ನಾನೇ ಕೊಂದೆ ಎಂದುಕೊಂಡಳು.

ಅಷ್ಟರಲ್ಲಿ ಹುಲಿಗೆಮ್ಮ ಕಟ್ಟೆಯ ಮೇಲೆ ಉಳಿದಿದ್ದ ಅದೇ ಚೊಂಬು ಹಿಡಿದು ಏದುಸಿರು ಬಿಡುತ್ತ ಬಂದಳು. ಸೆರಗು ಒದ್ದೆ ಮಾಡಿ ಸೊಸೆಯ ಮುಖ ಒರೆಸಿದಳು, ಗುಟುಕು ಗುಟುಕಾಗಿ ಕುಡಿಸಿದಳು. ಲಕ್ಷ್ಮೀ ಕಣ್ಣು ಬಿಟ್ಟಳು. ಸ್ವಲ್ಪ ಹೊತ್ತಿಗೆ ಕೂಸೂ ಒದೆಯಿತು.

"ಆ ಮೋಡ ನಂಬಬ್ಯಾಡ್ರಿ ಬೀಗ್ತಿ," ಎಂದಳು ಹುಲಿಗೆಮ್ಮ. "ಕಡಲಿಂದ ತಂದ ನೀರೆಲ್ಲಾ ನಿಮ್ಮ ಗುಡ್ಡ ಹತ್ತೂವಾಗ ಅಲ್ಲೇ ಸುರೀತೈತಿ. ಇಳಿದು ನಮ್ಮ ಕಡೆ ಬರೂದು ಖಾಲಿ ಮೋಡ, ಒಣಾ ಗಾಳಿ."

ಮೊಮ್ಮಗ ನಗರದಲ್ಲೇ ಹುಟ್ಟಿದ. ಬಾಣಂತನ ಮುಗಿದ ಮೇಲೆ ತಾಯಿ ಮಗು ಗುಡ್ಡ ದಾಟಿ ವಾಪಸು ಹೋದರು. ಕೆರಿಯಮ್ಮನ ಭಯ ಮಾತ್ರ ಹೋಗಲಿಲ್ಲ. ಈ ವರ್ಷ ಭರ್ಜರಿ ಮಳೆ ಎಂದು ಊರವರು ಖುಷಿಯಲ್ಲಿ ಗದ್ದೆಗೆ ಇಳಿದರೆ, ಅವಳು ಬಾಗಿಲಲ್ಲಿ ನಿಂತು ಚೊಂಬು ಅವಚಿಕೊಳ್ಳುತ್ತಿದ್ದಳು.

"ಇಷ್ಟೂ ಇಲ್ಲೇ ಸುರಿದ್ರೆ," ಎನ್ನುತ್ತಿದ್ದಳು, "ನನ್ನ ಮಕ್ಕಳಿಗೆ ಎಂತ ಉಳೀತದೆ?"