ಎಮ್ಮೆಗೆ ಒಂದೇ ನಕ್ಷತ್ರ

ಬೆಳಿಗ್ಗೆ ಹೊಸ ಚಪ್ಪಲಿ ಬಂತು. ಪೆಟ್ಟಿಗೆ ಬಿಚ್ಚುವ ಮೊದಲೇ ಫೋನು ಕೇಳಿತು: ‘ನಿಮ್ಮ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ನಿಮ್ಮನ್ನೂ ಹೀಗೇ ಕಾಡುತ್ತಿರಬೇಕು. ಬೈಯುವಾಗ ನನ್ನನ್ನೂ ಸೇರಿಸಿಕೊಂಡು ಬೈಯಿರಿ. ಕೆಲವು ವರ್ಷಗಳ ಹಿಂದೆ ನಾನೂ ಜನರಲ್ಲಿ ನಕ್ಷತ್ರ ಬೇಡಿದವನೇ.

ಗೋಕಾಕದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ದನಕರು ಮಾರುವವರಿಗಾಗಿ ಅಂತರ್ಜಾಲದಲ್ಲೊಂದು ಸಂತೆ ಕಟ್ಟಿದ್ದೆ. ಮಾರುವವರು ಫೋಟೋ ಹಾಕಬೇಕು. ಬಲ್ಲವರು ಅದರ ಕೆಳಗೆ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯಬೇಕು. ಮುಖ ಕಾಣದವರ ನಡುವೆ ನಂಬಿಕೆ ಹುಟ್ಟುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದರ ಬಗ್ಗೆ ಕಾಲೇಜು ಹುಡುಗರ ಮುಂದೆ ಒಂದು ತಾಸು ಮಾತಾಡಿಯೂ ಬಂದಿದ್ದೆ. ಎಮ್ಮೆಯ ಹತ್ತಿರ ಮಾತ್ರ ಎಂದೂ ಹೋಗಿರಲಿಲ್ಲ.

ಘೋಡಗೇರಿಯ ಬಸಪ್ಪ ಎಂಬವರು ತಮ್ಮ ಎಮ್ಮೆಯ ಫೋಟೋ ಹಾಕಿದರು. ಮೂಡಲಗಿಯ ಗಿರಾಕಿಯೊಬ್ಬರು ನೋಡಲು ಹೊರಟೇ ನಿಂತಿದ್ದರು. ಅಷ್ಟರಲ್ಲಿ ಒಂದೇ ಒಂದು ನಕ್ಷತ್ರದ ಜೊತೆ ಅಭಿಪ್ರಾಯ ಬಂತು: ‘ಈ ಎಮ್ಮಿ ಒದಿತೈತಿ. ಯಾರೂ ತಗೋಬ್ಯಾಡ್ರಿ.’ ನನ್ನ ಸಂತೆಗೆ ಬಂದ ಮೊದಲ ಅಭಿಪ್ರಾಯ! ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ಬೀಗಿದೆ. ಗಿರಾಕಿ ಬರಲಿಲ್ಲ. ಬಸಪ್ಪ ಬಂದರು.

“ಅದನ್ನ ಮೊದಲ ತಗದ ಹಾಕ್ರಿ ಸರ್. ಬರದಾಕಿ ನಮ್ಮ ಮನ್ಯಾಕಿ.”

ಎಮ್ಮೆ ಮಾರಿ ಮೋಟರ್‌ಸೈಕಲ್ ಕೊಳ್ಳುವ ಆಸೆ ಅವರದು. ಮರುದಿನ ಅವರ ಹೆಂಡತಿ ಮಲ್ಲವ್ವ ಬಸ್ಸು ಹತ್ತಿ ಬಂದರು.

“ನನ್ನ ಮಾತ ತಗೀಬ್ಯಾಡ್ರಿ. ಕರಾ ಇದ್ದಾಗಿಂದ ನಾನ ಸಾಕೇನಿ. ಅದರ ಹಾಲ ಮಾರಿ ನನ್ನ ಕೈಯಾಗ ನಾಕ ರೊಕ್ಕ ಆಡತಾವ. ಮಾರೂ ಮುಂದ ನನ್ನ ಒಂದ ಮಾತ ಕೇಳಲಿಲ್ಲ.”

“ಖರೇನ ಒದಿತೈತೇನ್ರಿ?”

“ಬಂದ ನೋಡ್ರಿ.”

ಸಂಶೋಧಕನಲ್ಲವೇ, ಹೋದೆ. ಎಮ್ಮೆ ಸಾಧುವಾಗಿ ಮೆಲುಕು ಹಾಕುತ್ತಿತ್ತು. ಒಳ್ಳೆಯ ಫೋಟೋ ಸಿಗಲೆಂದು ಹಿಂದಿನಿಂದ ಹತ್ತಿರ ಸರಿದೆ. ಮುಂದೆ ನನಗೆ ತಿಳಿದದ್ದು, ನಾನು ಸಗಣಿಯಲ್ಲಿ ಕೂತಿದ್ದೇನೆ ಎಂಬುದು. ಎತ್ತಲು ಓಡಿಬಂದ ಬಸಪ್ಪನವರಿಗೂ ಒಂದು ಬಿತ್ತು. ಮಲ್ಲವ್ವ ಬಂದು ಬೆನ್ನ ಮೇಲೆ ಕೈಯಿಟ್ಟರು, ಎಮ್ಮೆ ಸುಮ್ಮನಾಯಿತು.

ಬಸಪ್ಪ ತೊಡೆ ತಿಕ್ಕಿಕೊಳ್ಳುತ್ತ ಕಟ್ಟೆಯ ಮೇಲೆ ಕೂತರು. “ಇಷ್ಟ ವರ್ಷಾತು, ನಾ ಇದರ ಬಾಜೂಕ ಹೋಗೇ ಇಲ್ಲ ನೋಡ್ರಿ,” ಎಂದು ಹೆಂಡತಿಯ ಮುಖ ನೋಡಿದರು. ಆಮೇಲೆ ತಾವೇ ಫೋನು ತೆಗೆದು ಜಾಹೀರಾತು ಅಳಿಸಿದರು.

ನಾನು ಕುಂಟುತ್ತ ಗೋಕಾಕಕ್ಕೆ ಮರಳಿ, ಮಾರುವವರೆಲ್ಲ ಉತ್ತರಿಸಲೇಬೇಕಾದ ಹೊಸ ಪ್ರಶ್ನೆಯೊಂದನ್ನು ಸೇರಿಸಿದೆ: ‘ಮನೆಯವರನ್ನು ಕೇಳಿದ್ದೀರಾ?’ ನನ್ನ ಇಡೀ ವಿನ್ಯಾಸದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಅದೊಂದೇ. ಜನ ಆ ಪ್ರಶ್ನೆಯವರೆಗೆ ಬಂದು, ಜಾಹೀರಾತು ಹಾಕದೆ ಹಾಗೇ ವಾಪಸಾಗತೊಡಗಿದರು. ವರ್ಷ ತುಂಬುವುದರೊಳಗೆ ಸಂತೆ ಮುಚ್ಚಿದೆ.

ಇವತ್ತು ಮಧ್ಯಾಹ್ನ ಹುಕ್ಕೇರಿಗೆ ಹೋಗುವವನು ಘೋಡಗೇರಿಯಲ್ಲಿ ಇಳಿದೆ. ಮಲ್ಲವ್ವ ಗಟ್ಟಿ ಹಾಲಿನ ಚಹಾ ಕೊಟ್ಟು, “ಮಣಕ ಒಂದ ಮಾರೂದೈತಿ. ನಿಮ್ಮ ಫೋನಿನ್ಯಾಗ ಹಾಕ್ರಿ,” ಎಂದರು. ಮಣಕವೆಂದರೆ ಇನ್ನೂ ಕರು ಹಾಕದ ಎಮ್ಮೆ. ಸಂತೆ ಮುಚ್ಚಿದೆ ಎನ್ನುವ ಬದಲು, ಹಳೆಯ ಚಾಳಿ ನೋಡಿ, “ಕಾಕಾರನ್ನ ಕೇಳಿರೇನ್ರಿ?” ಎಂದೆ.

ಅವರು ಒಳಗೆ ತಿರುಗಿ ಕೂಗಿದರು: “ಏನ್ರಿ, ಮಣಕ ಮಾರೂನೇನು?”

“ಬ್ಯಾಡ,” ಎಂದಿತು ಒಳಗಿನಿಂದ ಬಸಪ್ಪನವರ ದನಿ.

“ಕೇಳೇನಿ ನೋಡ್ರಿ,” ಎಂದರು ಮಲ್ಲವ್ವ. “ಫೋಟೋ ತಗೀರಿ.”

ನಾನು ಫೋನನ್ನು ಜೇಬಿಗಿಳಿಸಿ, ಚಹಾ ಆರಿಸಿಕೊಳ್ಳುತ್ತ ಕೂತೆ.